ಬೆಳಗಿನ ಮೊದಲ ಉಚ್ಚೆ

ಶಿವರಾತ್ರಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ, ಹೊತ್ತು ಇನ್ನೂ ಮೂಡುವುದರಲ್ಲಿತ್ತು. ಮರಿಲಿಂಗಯ್ಯ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಗುವಿನ ತೊಡೆಸಂದಿಗೆ ಗಾಜಿನ ಬೀಕರು ಹಿಡಿದು, ಅದು ಉಚ್ಚೆ ಹೊಯ್ಯಲಿ ಎಂದು ಕಾಯುತ್ತಿದ್ದ.

ಮಗು ಹೊಯ್ಯಲಿಲ್ಲ.

ಅಪ್ಪನ ಮುಖವನ್ನೂ ನೋಡಲಿಲ್ಲ. ವರ್ಷ ತುಂಬಿದ ಮಗು. ಕೂರಿಸಿದರೆ ಕೂರುತ್ತಿತ್ತು, ಮಲಗಿಸಿದರೆ ಮಲಗುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ. ಕೆಲವು ಸಲ ತಿರುಗುತ್ತಿತ್ತು. ಆಗ ಅದು ಕರೆದದ್ದಕ್ಕೆ ತಿರುಗಿತೋ ಸುಮ್ಮನೆ ತಿರುಗಿತೋ ಎಂದು ಅವನು ಇನ್ನೊಮ್ಮೆ ಕರೆದು ನೋಡುತ್ತಿದ್ದ. ಇನ್ನೊಮ್ಮೆ ಕರೆದಾಗ ತಿರುಗುತ್ತಿರಲಿಲ್ಲ.

"ಸ್ಸ್ಸ್…" ಎಂದ. ತನ್ನ ದನಿಗೆ ತನಗೇ ನಾಚಿಕೆಯಾಯಿತು.

"ಏನ್ಲಾ ಮರಿ ಅದು, ಈ ಚಳೀಲಿ ಮಗೀನ ಬರೀ ಮೈಲಿ ಕೂರ್ಸ್ಕಂಡು?" ಒಲೆ ಮುಂದಿನಿಂದ ಎದ್ದು ಬಂದ ದೊಡ್ಡಲಕ್ಷ್ಮಮ್ಮ ಬಾಗಿಲಲ್ಲಿ ನಿಂತಳು. "ತೀರ್ಥಕ್ಕೆ ಕೈಯೊಡ್ಡ್‌ದಂಗೆ ಒಡ್ಕಂಡು ಕುಂತಿದ್ದೀಯಲ್ಲ!"

"ಟೆಸ್ಟಿಗೆ ಬೇಕು ಅಕ್ಕ."

"ಯಾವ ಟೆಷ್ಟು?"

"ಸುಮ್ನೆ. ಕಾಲೇಜಿನದು."

"ಕಾಲೇಜಲ್ಲಿ ಅಷ್ಟೊಂದು ಹೈಕ್ಳವ್ರೆ, ಒಬ್ಬನೂ ಉಚ್ಚೆ ಹುಯ್ಯಾಕಿಲ್ವಾ? ನಮ್ಮ ಮಗೀಂದೇ ಆಗ್ಬೇಕಾ?" ಎಂದು ನಕ್ಕಳು.

ದೊಡ್ಡಲಕ್ಷ್ಮಮ್ಮ ಅವನ ಅಕ್ಕ. ಅವನ ಅತ್ತೆಯೂ ಅವಳೇ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ, ಅದೇ ತಾನೇ ಒಂದು ಕೂಸು ಕಳೆದುಕೊಂಡಿದ್ದ ಅಕ್ಕ ಅವನನ್ನು ಉಯ್ಯಂಬಳ್ಳಿಯ ತನ್ನ ಗಂಡನ ಮನೆಗೆ ಎತ್ತಿಕೊಂಡು ಹೋಗಿ, ಎದೆಹಾಲು ಕೊಟ್ಟು ಸಾಕಿದಳು. ಎಷ್ಟೋ ವರ್ಷದ ಮೇಲೆ ಅವಳಿಗೆ ಚಿನ್ನಮ್ಮ ಹುಟ್ಟಿದಳು. ಮರಿಲಿಂಗಯ್ಯ ಆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದ. ಓದಿದ, ಮೈಸೂರಿಗೆ ಹೋಗಿ ಎಂಎಸ್ಸಿ ಮಾಡಿದ, ರಾಮನಗರದಲ್ಲಿ ಕೆಮಿಸ್ಟ್ರಿ ಮೇಷ್ಟ್ರಾದ. ಹಳಬರ ಬಾಯಲ್ಲಿ ಊರಿನ್ನೂ ಕ್ಲೋಸುಪೇಟೆಯೇ ಆಗಿದ್ದ ಕಾಲ. ಆಮೇಲೆ ಚಿನ್ನಮ್ಮನನ್ನೇ ಕಟ್ಟಿಕೊಂಡ. ಅಕ್ಕನ ಮಗಳನ್ನು ಕಟ್ಟಿಕೊಳ್ಳುವುದು ಆ ಕಡೆ ಕೇಳಿ ಹೇಳಿ ಮಾಡುವ ಕೆಲಸವಲ್ಲ, ಹೊತ್ತು ಮುಳುಗಿದಾಗ ದನ ತಾನಾಗಿ ಕೊಟ್ಟಿಗೆಗೆ ಬಂದ ಹಾಗೆ. ಚಿನ್ನಿ ಈಗಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

"ಕೊಡಿಲ್ಲಿ. ನೀ ಹೋಗಿ ಮಕ ಕೆರ್ಕೋ. ಗಂಡಸ್ರ ಮಕ ನೋಡ್ಕಂಡು ಅದು ಹೆಂಗ್ ಹುಯ್ದಾತು?"

ಅವನು ಬೀಕರನ್ನೂ ಮಗುವನ್ನೂ ಅಕ್ಕನ ಕೈಗೆ ಕೊಟ್ಟು ಎದ್ದ.

ಹೋದ ತಿಂಗಳು ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಮಗುವಿನ ಕೂದಲನ್ನು ಬೆಳಕಿಗೆ ಹಿಡಿದು ನೋಡಿದ್ದರು. ಕೂದಲು ಹುರಿಹಗ್ಗದ ಬಣ್ಣ. ಮೈ ಬಿಳುಪು. ಬೀದಿಯ ಹೆಂಗಸರು, "ಈ ಕರೀ ಅಪ್ಪ ಅವ್ವಂಗೆ ದೊರೆಮಗ ಹೆಂಗ್ ಹುಟ್ದ್ನವ್ವ" ಎಂದು ದೃಷ್ಟಿ ನಿವಾಳಿಸುತ್ತಿದ್ದ ಬಿಳುಪು. ಡಾಕ್ಟರು ಬಗ್ಗಿ ಮಗುವನ್ನು ಮೂಸಿದರು. ಡಾಕ್ಟರು ಮಗುವನ್ನು ಮೂಸುವುದನ್ನು ಅವನು ಕಂಡದ್ದು ಅದೇ ಮೊದಲು.

"ಗಂಡ ಹೆಂಡತಿ ಸಂಬಂಧವೇ?" ಎಂದು ಕೇಳಿದರು.

"ದೂರದ್ದು," ಎಂದ ಮರಿಲಿಂಗಯ್ಯ.

ಹಾಲಿನಲ್ಲಿ ಬೇಳೆಯಲ್ಲಿ ಇರುವ ಒಂದು ವಸ್ತುವನ್ನು ಕೆಲವು ಮಕ್ಕಳ ಮೈ ಅರಗಿಸಿಕೊಳ್ಳಲಾರದು. ಅದು ಮಿದುಳಿಗೆ ವಿಷವಾಗುತ್ತಾ ಹೋಗುತ್ತದೆ, ಮಿಕ್ಕದ್ದು ಉಚ್ಚೆಯಲ್ಲಿ ಬೀಳುತ್ತದೆ, ಮೈಗೆ ಇಲಿಯ ವಾಸನೆ ಹತ್ತುತ್ತದೆ ಎಂದರು ಡಾಕ್ಟರು. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಆ ಕೊರತೆ ಇದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಹೀಗೆ. ಬೆಳಗಿನ ಮೊದಲ ಉಚ್ಚೆ ಹಿಡಿಯಿರಿ. ಫೆರಿಕ್ ಕ್ಲೋರೈಡು ತೊಟ್ಟಿಕ್ಕಿಸಿ. ಹಸಿರು ಬಂದರೆ ಅಲ್ಲೇ ನಿಂತು ನೋಡಿ. ಆ ಹಸಿರು ಬಹಳ ಹೊತ್ತು ನಿಲ್ಲುವುದಿಲ್ಲ, ಮಾಸುತ್ತದೆ. ಮಾಸಿದರೆ ಮಗುವನ್ನು ಕರೆದುಕೊಂಡು ಬನ್ನಿ, ನಾವು ಉಚ್ಚೆಯನ್ನು ಪರೀಕ್ಷೆಯ ಕಾಗದದ ಮೇಲೆ ಏರಿಸಿ ಖಾತ್ರಿ ಮಾಡಿಕೊಳ್ಳುತ್ತೇವೆ. ಪಥ್ಯ ಇದೆ. ತಡವಾದಷ್ಟೂ ಕಷ್ಟ. "ನೀವೇ ಕೆಮಿಸ್ಟ್ರಿಯವರು, ನಿಮಗೆ ನಾನೇನು ಹೇಳಲಿ" ಎಂದು ನಕ್ಕರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿನ್ನಿಗೆ ಅವನು, "ಟಾನಿಕ್ ಬರೆದುಕೊಟ್ಟಿದ್ದಾರೆ" ಎಂದ. ಹಾಗೆ ಹೇಳಿದ ಮೇಲೆ ಒಂದು ಟಾನಿಕ್ಕನ್ನು ಕೊಳ್ಳಬೇಕಾಯಿತು.

ಆಮೇಲೆ ಒಂದು ತಿಂಗಳು ಅವನು ಏನೂ ಮಾಡಲಿಲ್ಲ. ಫೆರಿಕ್ ಕ್ಲೋರೈಡು ದಿನಾ ಕೈಗೆ ಸಿಗುವ ಬೀರುವಿನಲ್ಲೇ ಇತ್ತು. ಪರೀಕ್ಷೆ ಹತ್ತಿರ ಬಂತು ಎಂದುಕೊಂಡ. ಅಮಾವಾಸ್ಯೆ ಕಳೆಯಲಿ ಎಂದುಕೊಂಡ, ಅಮಾವಾಸ್ಯೆಯಲ್ಲಿ ನಂಬಿಕೆಯಿಲ್ಲದವನು. ಬಾಡಿಗೆ ಮನೆ ಗೌಸ್ ಸಾಹೇಬರ ರೇಷ್ಮೆ ಬಿಚ್ಚುವ ಶೆಡ್ಡಿನ ಹಿಂದಿತ್ತು. ಬೆಂದ ಹುಳುವಿನ ವಾಸನೆ ಗೋಡೆಗೂ ಅನ್ನಕ್ಕೂ ಹತ್ತಿತ್ತು. ಡಾಕ್ಟರು ಹೇಳಿದ ಇಲಿಯ ವಾಸನೆ ಮಗುವಿನದೋ ಶೆಡ್ಡಿನದೋ ತಿಳಿಯದೆ, ಯಾರೂ ಇಲ್ಲದಾಗ ಮಗುವಿನ ಬಟ್ಟೆ ಮೂಸುತ್ತಿದ್ದ. ಆಮೇಲೆ ತನ್ನ ಅಂಗಿ ಮೂಸುತ್ತಿದ್ದ. ಎರಡೂ ಒಂದೇ.

ಮೊನ್ನೆ ಚಿನ್ನಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. ಬಸುರಿ ಮಗಳನ್ನು ನೋಡಿಕೊಳ್ಳಲು ಅಕ್ಕ ಓಡಿ ಬಂದಳು. ಮನೆಯಲ್ಲಿ ಪಾಯಸವಾಯಿತು. ಮರಿಲಿಂಗಯ್ಯ ಮಾರನೆಯ ದಿನ ಫೆರಿಕ್ ಕ್ಲೋರೈಡನ್ನು ಒಂದು ಸಣ್ಣ ಸೀಸೆಗೆ ಬಗ್ಗಿಸಿಕೊಂಡು ತಂದು ಕನ್ನಡಿಯ ಹಿಂದಿಟ್ಟ.

ಅವನು ಅರ್ಧ ಗಡ್ಡ ಕೆರೆದು ಬರುವಷ್ಟರಲ್ಲಿ ಅಕ್ಕ ಬೀಕರು ನೀಡಿದಳು. ತಳದಲ್ಲಿ ಒಂದಿಷ್ಟು, ಕಂದು ಹಳದಿ, ಇನ್ನೂ ಬೆಚ್ಚಗಿತ್ತು.

"ತಗೋ. ಓದ್ದೋನ ಕೈಲಿ ಆಗ್ಲಿಲ್ಲ. ಕ್ವಾಪ ಬಂದಿದ್ರೆ ಬೈಯಿ."

ಅವಳು ಮಗುವನ್ನು ಕಂಕುಳಿಗೆ ಏರಿಸಿಕೊಂಡು ಒಳಗೆ ಹೋದಳು. ಅವನು ಟ್ಯೂಬಿಗೆ ಒಂದಷ್ಟನ್ನು ಬಗ್ಗಿಸಿ, ಕಾಲೇಜಿನಿಂದಲೇ ತಂದಿದ್ದ ಆಸಿಡ್ಡಿನ ಒಂದು ಹನಿ ಹಾಕಿ, ಸೀಸೆಯ ಬಿರಡೆ ತೆಗೆದ. ಮೊದಲ ತೊಟ್ಟು ಬಿದ್ದಲ್ಲಿ ಕಂದು. ಇನ್ನೊಂದಕ್ಕೂ ಕಂದು. ಎದೆಯ ಮೇಲಿನ ಕಲ್ಲು ಜರುಗಿದ ಹಾಗಾಯಿತು. ಇನ್ನೊಂದು ತೊಟ್ಟು ಬಿಟ್ಟು ಅಲ್ಲಾಡಿಸಿದ.

ತಳದಿಂದ ಹಸಿರು ಎದ್ದಿತು. ನಿಂತ ನೀರಿನ ಪಾಚಿಯಂಥ ಕರಿಹಸಿರು.

ನಿಂತು ನೋಡಬೇಕು. ಮಾಸುತ್ತದೋ ಇಲ್ಲವೋ ನೋಡಬೇಕು. ಪ್ರಾಕ್ಟಿಕಲ್ಲಿನಲ್ಲಿ ಹುಡುಗರಿಗೆ ಅವನು ದಿನಾ ಹೇಳುತ್ತಿದ್ದುದೂ ಇಷ್ಟೇ: ಕೊನೆಯವರೆಗೆ ನೋಡಿ, ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನಲ್ಲ.

ಒಳಗೆ ಚಿನ್ನಿ, "ಮಾವ, ಕಾಫಿ ಆರೋಯ್ತದೆ" ಎಂದಳು.

ಅವನ ಕೈ ತಾನಾಗಿ ಬಗ್ಗಿತು. ಹಸಿರು ಮೋರಿಗೆ ಬಿದ್ದು, ಪಾತ್ರೆ ಬೆಳಗಿದ ಬೂದಿನೀರಿನ ಜೊತೆ ಹರಿದುಹೋಯಿತು. ಬೀಕರಿನಲ್ಲಿ ಉಳಿದಿದ್ದ ಚೂರನ್ನೂ ಸುರಿದ. ಟ್ಯೂಬು ತೊಳೆದ. ಕನ್ನಡಿಯ ಮುಂದೆ ಹೋಗಿ ಉಳಿದರ್ಧ ಗಡ್ಡ ಕೆರೆದುಕೊಂಡ. ಎಲ್ಲೂ ಗಾಯವಾಗಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

ಕಾಲೇಜಿನಲ್ಲಿ ಲ್ಯಾಬಿನ ಸಮದ್ ಸ್ಟೂಲಿನ ಮೇಲೆ ಕೂತು ಬ್ಯುರೆಟ್ಟಿನ ನಲ್ಲಿಗಳಿಗೆ ಗ್ರೀಸು ಹಚ್ಚುತ್ತಿದ್ದ.

"ಬಾಬು ಹೆಂಗವ್ನೆ ಸಾ?"

"ಚೆನ್ನಾಗಿದ್ದಾನೆ."

"ಮಾತಾಡ್ತವ್ನಾ?"

"ಇನ್ನೂ ಇಲ್ಲ."

"ಅದಕ್ಯಾಕ್ ಸಾ ಮಖ ಸಣ್ಣ ಮಾಡ್ತೀರಿ? ನಮ್ ಚಿಕ್ಕೋನು ಮೂರು ವರ್ಷ ಬಾಯೇ ಬಿಡ್ಲಿಲ್ಲ. ಈಗ ಮುಚ್ಸಾಕ್ ಆಗಾಕಿಲ್ಲ. ನಮ್ಮನೆಯವ್ಳು ಜಹೀದಾ ಅಂತಾಳೆ, ಅಲ್ಲಾ ನಿಮ್ಮಪ್ಪ ಮಾತಾಡ್ಬೇಕಾದ್ದೂ ಸೇರ್ಸಿ ನಿಂಗೇ ಕೊಟ್ಬುಟ್ಟ ಕಣೋ ಅಂತ."

ಮರಿಲಿಂಗಯ್ಯ ನಕ್ಕ. ನಕ್ಕು ಮುಗಿಸಿ ಕೇಳಿದ. "ನಿಮ್ಮದು ಸಂಬಂಧದಲ್ಲೇ ಆದದ್ದಾ ಸಮದ್?"

"ಹೂಂ ಸಾ, ನಮ್ ಚಿಕ್ಕಪ್ಪನ ಮಗಳು. ಯಾಕ್ ಸಾ?"

"ಸುಮ್ನೆ."

ಒಂದೊಂದು ಬೆಂಚಿಗೆ ನಾಲ್ಕು ಹುಡುಗರು. ಅವರು ಕಣ್ಣು ಕಿರಿದು ಮಾಡಿ ತೊಟ್ಟು ಬಿಡುತ್ತಿದ್ದರು. ಅವನು ಬೆಂಚುಗಳ ನಡುವೆ ನಡೆದ. ಪ್ರತಿ ಬೆಂಚಿನಲ್ಲೂ ನಾಲ್ವರಲ್ಲಿ ಒಬ್ಬನನ್ನು ಅವನ ಕಣ್ಣು ಆರಿಸುತ್ತಾ ಹೋಯಿತು. ಇವನು. ಇವನು. ಆ ಚಾಳೀಸಿನವನು. ಕಿಟಕಿ ಪಕ್ಕದವನೊಬ್ಬ ತಲೆಯೆತ್ತಿ, "ಸಾ?" ಎಂದ.

"ಏನಿಲ್ಲ. ಮಾಡು."

ಮಧ್ಯಾಹ್ನ ಕ್ಲಾಸಿರಲಿಲ್ಲ. ಮನೆಗೆ ಬಂದಾಗ ಚಿನ್ನಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹಾಲು ಕುಡಿಸುತ್ತಿದ್ದಳು. ಬಿಳೀ ಹಾಲು ಬಿಳೀ ಗದ್ದದ ಮೇಲೆ ಇಳಿಯುತ್ತಿತ್ತು. ಅವನು ಚಪ್ಪಲಿ ಬಿಡದೆ ಹೋಗಿ ಅವಳ ಕೈಯ ಲೋಟ ಕಿತ್ತುಕೊಂಡ.

"ಕೊಡಬೇಡ."

"ಯಾಕೆ, ಹುಳ ಬಿದ್ದೈತಾ?"

"ಇಲ್ಲ. ಕೊಡಬೇಡ ಅಷ್ಟೆ."

"ಮಾವ, ಏನಾಯ್ತು?"

ಹೇಳಬಾರದು ಎಂದುಕೊಂಡಿದ್ದ. ಹೇಳುವುದಾದರೆ ಹೇಗೆ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೂ ಬಂದಿದ್ದ. ಜೋಡಿಸಿದ್ದು ಒಂದೂ ನೆನಪಾಗಲಿಲ್ಲ. ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದ. ಉಚ್ಚೆ, ಫೆರಿಕ್ ಕ್ಲೋರೈಡು, ಹಸಿರು, ಮಿದುಳು. ಒಂದೇ ರಕ್ತದವರು ಕೂಡಿದರೆ ಹೀಗಾಗುತ್ತದೆ ಎಂದ.

"ಯಾರ ರಕ್ತ?"

"ನಮ್ಮಿಬ್ಬರದೂ."

"ಗೊತ್ತಿದ್ದೇ ತಾನೆ ಕಟ್ಕಂಡಿದ್ದು."

ಅವನು ಲೋಟ ಕೆಳಗಿಟ್ಟ. ದೊಡ್ಡಲಕ್ಷ್ಮಮ್ಮ ಒಳಗಿನ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಮುದ್ದೆ ತಿರುವುವ ಕೋಲು.

"ಡಾಕ್ಟ್ರು ಅವತ್ತೇ ಹೇಳಿದ್ರಾ?" ಎಂದಳು ಚಿನ್ನಿ.

"ಹೂಂ."

"ತಿಂಗಳಿಂದ ನಾ ಕುಡಿಸಿದ್ದು ವಿಷ ಅನ್ನು."

"ಹಾಗಲ್ಲ ಚಿನ್ನಿ…"

"ಹೆಂಗೆ ಮತ್ತೆ?"

ಅವಳು ತನಗೇ ತಿಳಿಯದ ಹಾಗೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅವನು ಆ ಕೈಯನ್ನೇ ನೋಡುತ್ತಾ ನಿಂತ. ಆ ಕೈಯ ಹಿಂದೆ ಇನ್ನೊಂದು ಹುರಿಹಗ್ಗದ ತಲೆ ಬೆಳೆಯುತ್ತಿರಬಹುದು, ಬೆಳೆಯದೆಯೂ ಇರಬಹುದು. ಭಯ ಅವನ ಬಾಯಿಗೆ ಬಂತು. ಬಂದದ್ದನ್ನು ಆಡಿಬಿಟ್ಟ.

"ಇನ್ನೊಂದು ಬೇಡ. ತೆಗೆಸಿಬಿಡೋಣ. ಈಗ ಅದಕ್ಕೆ ಕಾನೂನು ಬಂದಿದೆ."

"ಕಾನೂನು ಬಂದೈತಾ," ಎಂದಳು ಚಿನ್ನಿ. ಹಾಲಿನವಳು ಬಂದಳಾ ಎಂದು ಕೇಳುವವಳ ಹಾಗೆ.

ಶೆಡ್ಡಿನಲ್ಲಿ ರಾಟೆಗಳು ಒಂದೇ ಸಮ ತಿರುಗುತ್ತಿದ್ದವು. ಆಮೇಲೆ ದೊಡ್ಡಲಕ್ಷ್ಮಮ್ಮ ಕೋಲನ್ನು ಗೋಡೆಗೆ ಒರಗಿಸಿ ಕೇಳಿದಳು.

"ಯಾವ ಬಣ್ಣ ಬಂತು ಅಂದೆ?"

"ಹಸಿರು ಅಕ್ಕ. ಕರೀ ಹಸಿರು."

"ಕರಟದ್ದಿರ್ಬೋದು ಕಣ್ಲಾ."

"ಯಾವ ಕರಟ?"

"ನಿನ್ ಗಾಜು ಐಸು ಆಗಿತ್ತು. ತಾಕ್ಸಿದ್ರೆ ಮಗ ಬೆಚ್ತಿತ್ತು. ಅಲ್ಲೇ ಕರಟ ಇತ್ತು, ಅದ್ರಾಗೆ ಹಿಡ್ದು ನಿನ್ ಗಾಜಿಗೆ ಬಗ್ಗಿಸ್ದೆ."

"ಅದರಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ. ರಾತ್ರಿ ಮಗೀಗೆ ಅಳಲೆಕಾಯಿ ತೇದು ನೆಕ್ಕಿಸಿದ್ದೆ. ಒಸಿ ತಳ ಹಿಡ್ದಿತ್ತು."

ಮರಿಲಿಂಗಯ್ಯ ಅಲ್ಲಿದ್ದ ಮಣೆಯ ಮೇಲೆ ಕೂತುಕೊಂಡ.

ಅಳಲೆಕಾಯಿಯ ಒಗರಿಗೆ ಫೆರಿಕ್ ಕ್ಲೋರೈಡಿನಂಥ ಕಬ್ಬಿಣದ ಉಪ್ಪು ಬಿದ್ದರೆ ಕರಿಹಸಿರು. ಅವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಹಿಂದಿನವರ ಶಾಯಿಯೇ ಅದು. ಅವನೇ ವರ್ಷ ವರ್ಷ ಹುಡುಗರಿಗೆ ಹೇಳುತ್ತಿದ್ದ. ಆ ಬಣ್ಣ ಮಾಸುವುದಿಲ್ಲ, ಮಾಸಬಾರದೆಂದೇ ಅದರಲ್ಲಿ ಬರೆಯುತ್ತಿದ್ದರು. ರೋಗದ ಹಸಿರು ಮಾಸುತ್ತದೆ. ಬೆಳಗ್ಗೆ ಅವನು ಅಲ್ಲೇ ನಿಂತು, ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಟ್ಯೂಬನ್ನು ನೋಡಿದ್ದರೆ, ಅದು ಅಕ್ಕನ ಕರಟದ್ದೋ ಮಗುವಿನ ಮೈಯದ್ದೋ ಕಂಡುಹೋಗುತ್ತಿತ್ತು.

ಕುಣಿಯಬೇಕಾಗಿತ್ತು ಅವನು. ಕೂತಲ್ಲಿಂದ ಏಳಲಿಲ್ಲ.

"ಹಂಗಾರೆ ಇನ್ನೊಂದ್ ಸಲಿ ನೋಡ್ಬುಡ್ಲಾ," ಎಂದಳು ಅಕ್ಕ. ಅವಳ ದನಿಯಲ್ಲಿ ಆಗಲೇ ನಗು ಬರುತ್ತಿತ್ತು. "ಈ ಸಲಿ ನಿನ್ ಗಾಜ್ನೇ ಒಲೆ ಮುಂದೆ ಬೆಚ್ಚಗೆ ಮಾಡಿ ಹಿಡಿತೀನಿ. ಇವಾಗ್ಲೇ ನೋಡು. ನನ್ ತಪ್ಪಾದ್ರೆ ನಂಗೆ ಎರಡು ಬಾರ್ಸು."

"ಬೆಳಗಿನ ಮೊದಲನೆಯದೇ ಆಗಬೇಕು."

"ನಾಳೀಕ್ ನೋಡು."

"ಔಷಧಿ ಮುಗಿದಿದೆ."

"ತತ್ತಾ."

"ಕಾಲೇಜಲ್ಲೂ ಮುಗಿದಿದೆ. ತರಿಸಬೇಕು."

ಚಿನ್ನಿ ಮಗುವನ್ನು ಚಾಪೆಯ ಮೇಲೆ ಕೂರಿಸಿ ಎದ್ದಳು. ಕನ್ನಡಿಯ ಹಿಂದೆ ಕೈಹಾಕಿ ಸೀಸೆ ತೆಗೆದಳು. ಅದು ಅಲ್ಲಿರುವುದು ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ. ಕಿಟಕಿಯ ಬೆಳಕಿಗೆ ಹಿಡಿದಳು. ಕೆಂಗಂದು ನೀರು ಕತ್ತಿನವರೆಗೂ ಇತ್ತು. ಅವಳು ಏನೂ ಹೇಳದೆ ಅದನ್ನು ಅವನ ಮುಂದೆ ನೆಲದ ಮೇಲಿಟ್ಟಳು. ಬೀಕರು ತಂದು ಅದರ ಪಕ್ಕ ಇಟ್ಟಳು. ಪೂಜೆಗೆ ಅಣಿ ಮಾಡಿದ ಹಾಗಿತ್ತು.

ಆಗ ಮಗು ಉಚ್ಚೆ ಹೊಯ್ದಿತು.

ಕೂತ ಕಡೆಯೇ, ಯಾರನ್ನೂ ನೋಡದೆ. ಚಾಪೆಯ ಅಂಚು ದಾಟಿ, ಸಾರಿಸಿದ ನೆಲದ ಮೇಲೆ ಒಂದು ಸಣ್ಣ ಕಾಲುವೆ ಕಟ್ಟಿಕೊಂಡು, ಅದು ಮರಿಲಿಂಗಯ್ಯನ ಕಡೆಗೇ ಹರಿದು ಬಂತು. ಒಂದು ತೊಟ್ಟು ಬಿಟ್ಟರೆ ಸಾಕು. ಮೊದಲನೆಯದಲ್ಲದಿದ್ದರೂ, ನೆಲದ ಮೇಲಾದರೂ, ಏನೋ ಒಂದು ಕಾಣುತ್ತಿತ್ತು. ಅಕ್ಕ ಉಸಿರು ಹಿಡಿದು ನಿಂತಿದ್ದಳು. ಚಿನ್ನಿ ಅವನ ಕೈ ನೋಡುತ್ತಿದ್ದಳು.

ಅವನು ಕಾಲು ಎತ್ತಿಕೊಂಡ.

ಎರಡೂ ಪಾದ ಎತ್ತಿ, ಮೊಣಕಾಲು ತಬ್ಬಿಕೊಂಡು, ಪ್ರವಾಹಕ್ಕೆ ಸಿಕ್ಕವನ ಹಾಗೆ ಕೂತ. ಅದು ಅವನ ಕೆಳಗೆ ಹಾದು ಹೊಸ್ತಿಲ ಸಂದಿಯಲ್ಲಿ ಇಂಗಿತು.

ಚಿನ್ನಿ ಹಳೇ ಪಂಚೆಯ ತುಂಡು ತಂದು ನೆಲ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ, "ಅವ್ವ, ನಿನ್ ಜೊತೇಲಿ ಬತ್ತೀನಿ ನಡಿ" ಎಂದಳು.

"ಎಲ್ಲಿಗೆ?" ಎಂದ ಅವನು.

"ಊರ್ಗೆ."

"ಡಾಕ್ಟರು ಪಥ್ಯ ಅಂತ ಹೇಳಿದ್ದಾರೆ. ಹಾಲು, ಬೇಳೆ…"

"ರೋಗ ಐತಾ ಇಲ್ವಾ ಹೇಳು. ಪಥ್ಯ ಮಾಡ್ತೀನಿ."

ಅವನು ಸೀಸೆಯ ಬಿರಡೆಯನ್ನು ಇನ್ನಷ್ಟು ಬಿಗಿಮಾಡಿದ.

ದೊಡ್ಡಲಕ್ಷ್ಮಮ್ಮ ಅವನ ಹತ್ತಿರ ಬಂದು ಕೂತಳು. ಚಿಕ್ಕಂದಿನಲ್ಲಿ ಜ್ವರ ನೋಡುತ್ತಿದ್ದಂತೆ ಹಣೆ ಮುಟ್ಟಿದಳು. "ಯ್ಯಾಕ್ಲಾ ಹಿಂಗ್ ಹೆದ್ರುಕಂಡೆ? ನೋಡುದ್ರೆ ಏನ್ಲಾ ಆಗೋದು? ಐತೆ ಅಂದ್ರೆ ಐತೆ. ನಾನ್ ಸಾಕಾಕಿಲ್ವಾ? ಕತ್ತೂ ನಿಲ್ದಿದ್ ನಿನ್ನೇ ಸಾಕ್ದೋಳು."

ಅವನ ಹಣೆ ಅವಳ ಬೆರಳಿನ ಕೆಳಗೆ ತಣ್ಣಗಿತ್ತು. ಕತ್ತು ನಿಲ್ಲದಿದ್ದ ನನ್ನನ್ನು. ಎಷ್ಟು ದಿನ ನಿಂತಿರಲಿಲ್ಲ? ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅದನ್ನೂ ತಿಳಿದುಕೊಳ್ಳುವುದು ಅವನಿಗೆ ಬೇಕಿರಲಿಲ್ಲ.

ಅಕ್ಕ ಎದ್ದು ಮಗಳ ಸೀರೆ ಮಡಿಸತೊಡಗಿದಳು.

"ಇವತ್ತು ಬೇಡ ಅಕ್ಕ. ಶುಕ್ರವಾರ," ಎಂದ. ಮನೆಯ ಹೆಣ್ಣನ್ನು ಶುಕ್ರವಾರ ಕಳಿಸುವುದು ಅವರಲ್ಲಿಲ್ಲ. ತಾನು ಎಂದೂ ಎಣಿಸದ ವಾರ ಅದೆಲ್ಲಿಂದ ಬಾಯಿಗೆ ಬಂತೋ. "ನಾಳೆ ಹೋಗಿ."

"ನಾಳೆ ಇದ್ರೆ ನೋಡ್ತೀಯಾ?" ಎಂದಳು ಚಿನ್ನಿ.

ರಾಟೆ ತಿರುಗುತ್ತಿತ್ತು.

"ನೋಡೋಣ," ಎಂದ.

ಅವಳು ಟ್ರಂಕಿನ ಚಿಲಕ ಹಾಕಿದಳು.

ಬಸ್‌ಸ್ಟ್ಯಾಂಡಿನವರೆಗೆ ಟ್ರಂಕನ್ನು ಅವನೇ ಹೊತ್ತ. ಊರಿನ ದಾರಿಯ ಕನಕಪುರದ ಬಸ್ಸು ಸಂತೆಯ ಬುಟ್ಟಿಗಳಿಂದ ತುಂಬಿತ್ತು. ಕಂಡಕ್ಟರು, "ಮೇಷ್ಟ್ರೇ, ಮನೆಯವ್ರನ್ನ ಕಳಿಸ್ತಿದ್ದೀರಾ, ನಾಳೆಯಿಂದ ಹೋಟ್ಲೂಟ ಅನ್ನಿ" ಎಂದ. ಅವನು ನಕ್ಕ. ಒಳಗೆಲ್ಲೋ ಹಗುರಾಗುತ್ತಿತ್ತು. ನಾಳೆ ಬೆಳಗ್ಗೆ ಹಿತ್ತಲಲ್ಲಿ ಯಾರೂ ಇರುವುದಿಲ್ಲ, ಏನನ್ನೂ ಹಿಡಿಯಬೇಕಾಗಿಲ್ಲ. ಆ ಹಗುರವನ್ನು ಅಕ್ಕ ಕಂಡುಬಿಟ್ಟಾಳು ಎಂದು ಮುಖ ತಿರುಗಿಸಿದ.

ಬಸ್ಸು ಅಲುಗಿತು. ಚಿನ್ನಿ ಕಿಟಕಿಯಲ್ಲಿ ಮಗುವಿನ ಮುಂಗೈ ಹಿಡಿದು ಮೇಲೆತ್ತಿದಳು, ಎಲ್ಲ ತಾಯಂದಿರೂ ಟಾಟಾ ಮಾಡಿಸುವ ಹಾಗೆ. ಅವನ ಕಡೆ ಮಾತ್ರ ನೋಡಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಳ್ಳಲು ಆ ಕೈ ಬಿಟ್ಟಳು.

ಮಗುವಿನ ಕೈ ಕೆಳಗಿಳಿಯಲಿಲ್ಲ.

ಎತ್ತಿದ ಕಡೆಯೇ ನಿಂತಿತ್ತು, ಐದು ಬಿಳೀ ಬೆರಳು ಬಿಡಿಸಿಕೊಂಡು, ಗಾಳಿಯಲ್ಲಿ. ಅವನಿಗೆ ಬೀಸುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಯಾವ ಮಗುವಾದರೂ ಹಾಗೆ ಕೈ ಮರೆಯುತ್ತದೋ, ಇದೊಂದು ಮಾತ್ರವೋ. ಅವನು ತನ್ನ ಕೈ ಎತ್ತಬೇಕೆಂದುಕೊಂಡ. ಎತ್ತಿದರೆ ಇಳಿಯದೇ ಹೋದೀತು ಎಂದು ಜೇಬಿನಲ್ಲಿ ಮುಚ್ಚಿ ಹಿಡಿದುಕೊಂಡ. ಬಸ್ಸು ತಿರುವಿನ ಬಂಡೆಗಳ ಹಿಂದೆ ಹೋಗುವವರೆಗೂ ಆ ಕೈ ಕಾಣುತ್ತಿತ್ತು.

ದೊಡ್ಡಲಕ್ಷ್ಮಮ್ಮ, ಅವಳ ಮಗಳು ಚಿನ್ನಮ್ಮ, ಚಿನ್ನಮ್ಮನ ಮಗು, ಅವಳ ಹೊಟ್ಟೆಯಲ್ಲಿದ್ದದ್ದು, ಇಷ್ಟೂ ಜನ ಹೊರಟುಹೋದದ್ದು ಶುಕ್ರವಾರ, ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿರುವಾಗಲೇ.